ಅಕ್ಕಸಾಲಿಗನ ಕೂಲಿಗೆ ಲೆಕ್ಕವುಂಟೇ?

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಬೆಳ್ಳಿಯ ಕರಡಿಗೆಯೊಂದರ ಕೀಲು ಮುರಿಯಿತು. ಅಜ್ಜನವರ ಕಾಲದ್ದು, ಅದನ್ನು ಬಿಟ್ಟು ಹೊಸದನ್ನು ಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಧರಿಸಿಕೊಂಡು, ಬರಿಯ ಕರಡಿಗೆಯನ್ನು ಬಂಟ್ವಾಳ ಪೇಟೆಯ ಆಭರಣದಂಗಡಿಯೊಂದಕ್ಕೆ ಒಯ್ದೆವು. ಧಣಿಗಳು 300 ರೂಪಾಯಿ ಕೇಳಿದರು. ನಾವು ಚೌಕಾಶಿ ಮಾಡಿ 250ಕ್ಕೆ ಇಳಿಸಿ, ಗೆದ್ದೆವೆಂಬ ಸಂತೋಷದಿಂದ ಮನೆಗೆ ಮರಳಿದೆವು.

ವಾರ ಕಳೆದು ಹೋದಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಧಣಿಗಳು ಹಿಂದಿನ ಓಣಿಯ ದಾರಿ ತೋರಿಸಿದರು. ಅಲ್ಲಿ ಒಂದು ಕಿರುಕೋಣೆಯಲ್ಲಿ ಆಚಾರ್ಯರೊಬ್ಬರು ನಮ್ಮ ಕರಡಿಗೆಯನ್ನೇ ಇಕ್ಕಳದಲ್ಲಿ ಹಿಡಿದು ಕುಳಿತಿದ್ದರು. ಹಿಂದೆಂದೋ ಯಾರೋ ಅದಕ್ಕೆ ಸೀಸದ ಬೆಸುಗೆ ಹಾಕಿದ್ದರಂತೆ. ಅದನ್ನು ಪೂರ್ತಿ ಕೆರೆದು ತೆಗೆಯದೆ ಉರಿ ಹಿಡಿದರೆ ಸೀಸವು ಬೆಳ್ಳಿಯನ್ನೇ ತಿಂದುಬಿಡುತ್ತದೆ. ಕೆರೆದು, ಬಿಳಿಗಾರ ಸವರಿ, ಬೆಳ್ಳಿಯ ಬೆಸುಗೆ ಹಾಕಿ, ಕೀಲಿನ ಕಡ್ಡಿ ಹೊಸದಾಗಿ ಸೇರಿಸಿ, ಹೊಳಪು ಕೊಡುವಷ್ಟರಲ್ಲಿ ನಲವತ್ತು ನಿಮಿಷಗಳಾದವು. ತಮಗೆಷ್ಟು ದೊರೆಯುತ್ತದೆಂದು ಕೇಳಿದೆವು.

“ಎಂಬತ್ತು. ಮೊದಲು ನೂರ ಮೂವತ್ತು ಅಂದಿದ್ದರು. ಗಿರಾಕಿ ಐವತ್ತು ಇಳಿಸಿದರಂತೆ” ಎಂದರು ಅವರು, ತಲೆಯೆತ್ತದೆ.

ಆ ಗಿರಾಕಿ ನಾವೇ ಎಂದು ಹೇಳುವ ಧೈರ್ಯ ಆಗ ನಮಗಾಗಲಿಲ್ಲ.

ಅಂಗಡಿಯ ಗಾಜಿನ ಕಪಾಟಿನ ಹಿಂದೆ ಇಂತಹ ಒಂದು ಲೋಕವಿದೆಯೆಂಬುದನ್ನು ನಮ್ಮ ಮನೆಗಳಲ್ಲಿ ಬಲ್ಲವರು ಕಡಿಮೆ. ಹಿಂದೆ ಅಕ್ಕಸಾಲಿಗನು ನೇರವಾಗಿ ಮನೆಯವರಿಗೇ ಒಡವೆ ಮಾಡಿಕೊಡುತ್ತಿದ್ದನು. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, 14 ಕ್ಯಾರೆಟಿಗಿಂತ ಮೇಲಿನ ಒಡವೆ ಮಾಡಬಾರದೆಂದಾದಾಗ ದೇಶದಾದ್ಯಂತ ಅಸಂಖ್ಯ ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ಆರಿದವು. 14 ಕ್ಯಾರೆಟಿನ ನಿರ್ಬಂಧ ಕೆಲವೇ ವರ್ಷಗಳಲ್ಲಿ ಸಡಿಲವಾಯಿತಾದರೂ 1968ರ ನಿಯಂತ್ರಣ ಕಾಯಿದೆ ರದ್ದಾದುದು 1990ರಲ್ಲಿ. ಮುಂದೆ ತ್ರಿಶೂರು, ಕೊಯಮತ್ತೂರು, ಮುಂಬಯಿಗಳ ಸಿದ್ಧ ಒಡವೆಗಳು ಅಂಗಡಿಗಳನ್ನು ತುಂಬಿದವು. ಊರಿನ ಕುಶಲಿಗೆ ಉಳಿದುದು ರಿಪೇರಿ, ಮತ್ತು ಯಂತ್ರಕ್ಕೆ ಒಗ್ಗದ ಹೇಳಿಮಾಡಿಸುವ ಕೆಲಸ. ಅದೂ ಅಂಗಡಿಯ ಮೂಲಕ.

ಈ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆಂಬ ಪ್ರಶ್ನೆಯನ್ನು ಹೊತ್ತು ನಾವು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋದೆವು. ಅಲ್ಲಿ ಕರಿಮಣಿ ಸರ ಪೋಣಿಸುತ್ತಿದ್ದ ಕುಶಲಿಯೊಬ್ಬರು ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು. ಹೊಸ ಒಡವೆಗೆ ಸವಕಳಿಯನ್ನು ತೂಕದ ಶೇಕಡಾ ಲೆಕ್ಕದಲ್ಲಿ ಹಿಡಿಯುವುದು ರೂಢಿ. 10 ಗ್ರಾಂ ಸರಕ್ಕೆ ಶೇಕಡಾ 3 ಎಂದರೆ 300 ಮಿಲಿಗ್ರಾಂ. ಚಿನ್ನದ ದರ ಏರಿದಂತೆ ಅದೂ ಏರುತ್ತದೆ. ಆದರೆ ಕಡಿದ ಸರದ ಒಂದು ಕೊಂಡಿಯನ್ನು ಬೆಸೆಯಲು ಬೇಕಾಗುವ ಚಿನ್ನ ಕೆಲವೇ ಮಿಲಿಗ್ರಾಂ. ತೂಕವನ್ನೇ ನೆಚ್ಚಿದರೆ ರಿಪೇರಿಗೆ ಕೂಲಿಯೇ ಹುಟ್ಟುವುದಿಲ್ಲ. ಅಲ್ಲಿ ವೆಚ್ಚವಾಗುವುದು ಹೊತ್ತು ಮತ್ತು ಕಣ್ಣು.

ಅಪಾಯದ ಹೊಣೆ ಇನ್ನೊಂದು. ಹರಳು ಕೂರಿಸಿದ ಉಂಗುರಕ್ಕೆ ಉರಿ ತಾಗಿ ಹರಳು ಸೀಳಿದರೆ ನಷ್ಟವನ್ನು ಅಂಗಡಿಯು ಕುಶಲಿಯ ಲೆಕ್ಕಕ್ಕೇ ಬರೆಯುತ್ತದೆ. 2021ರ ಜೂನ್‌ನಲ್ಲಿ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೆ ಹೊಸ ಚಿಂತೆಯೂ ಸೇರಿತು. ಒಡವೆಯ ಮೇಲಿನ ಆರಕ್ಷರದ ಗುರುತು ಅರದ ಬಾಯಿಗೆ ಸಿಕ್ಕಿ ಅಳಿಸದಂತೆ ನೋಡಿಕೊಳ್ಳಬೇಕು. ಕೆ.ಡಿ.ಎಂ. ಎಂದು ನಮ್ಮ ಹೆಂಗಳೆಯರು ಬಲ್ಲ ಕ್ಯಾಡ್ಮಿಯಂ ಬೆಸುಗೆಯು ಕೆಲಸಕ್ಕೆ ಸುಲಭವೇನೋ ಹೌದು. ಅದರ ಹೊಗೆ ಮಾತ್ರ ಬೆಸೆಯುವವನ ಶ್ವಾಸಕೋಶಕ್ಕೆ ವಿಷ.

ಮೂಡುಬಿದಿರೆಯಲ್ಲಿ ಕಂಡ ಹಿರಿಯ ಆಚಾರ್ಯರದು ಬೇರೆಯೇ ಪದ್ಧತಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಈ ಊರಿನಲ್ಲಿ ಲೋಹದ ಕೆಲಸವನ್ನು ನೋಡಿ ಬೆಲೆಯರಿಯುವ ಕಣ್ಣುಗಳಿಗೆ ಕೊರತೆಯಿಲ್ಲ. ಕೂಲಿಯ ಮಾತು ಬಂದಾಗ ಮಾತ್ರ ಅಲ್ಲಿಯೂ ಹಗ್ಗಜಗ್ಗಾಟವೇ. ಹಿರಿಯರು ತಮ್ಮ ಲೆಕ್ಕವನ್ನು ಬಿಡಿಸಿ ತೋರಿಸಿದರು. ಕೋಣೆಯ ಬಾಡಿಗೆ, ವಿದ್ಯುತ್ತು, ಅನಿಲ, ಸಲಕರಣೆಗಳ ಸವೆತ, ಮನೆವಾರ್ತೆ ಎಲ್ಲ ಸೇರಿ ತಿಂಗಳಿಗೆ 36,000 ರೂಪಾಯಿ ಬೇಕೆಂದು ಹಿಡಿಯೋಣ. 24 ದಿನ, ದಿನಕ್ಕೆ 7 ಗಂಟೆಯಂತೆ 168 ಗಂಟೆ. ಆದರೆ ಅಂಗಡಿಗೆ ಹೋಗಿಬರುವುದು, ತೂಗುವುದು, ಮಾತಾಡುವುದು ಕಳೆದರೆ ಕೈ ಕೆಲಸದಲ್ಲಿರುವುದು 120 ಗಂಟೆ. ಅಲ್ಲಿಗೆ ಗಂಟೆಗೆ 300. ಇದರ ಮೇಲೆ ಬಳಸಿದ ಚಿನ್ನ, ಹರಳಿದ್ದರೆ ಅಪಾಯಕ್ಕೊಂದು ಮೊತ್ತ. ಹತ್ತು ನಿಮಿಷದ ಕೆಲಸಕ್ಕೂ ಕಾಲು ಗಂಟೆಯ ಕೂಲಿ.

ಅಂಗಡಿಯವರಿಗೆ ಕಡಿಮೆ ದರ ಬೇಡವೇ ಎಂದೆವು. “ಬೇಕು. ಗಿರಾಕಿಯನ್ನು ಹುಡುಕುವವರು, ರಶೀದಿ ಬರೆಯುವವರು, ಬೈಗುಳ ತಿನ್ನುವವರು ಅವರು. ಬೀದಿಯಿಂದ ಒಬ್ಬನೇ ಬಂದರೆ ನಾನು ಲಾಭ ಸೇರಿಸುತ್ತೇನೆ, ಅವರಿಗೆ ಲಾಭ ಬಿಡುತ್ತೇನೆ. ಹೊತ್ತನ್ನು ಬಿಡುವುದಿಲ್ಲ” ಎಂದರು. ಹೇಳಿಮಾಡಿಸುವ ಒಡವೆಯಾದರೆ ಮೊದಲ ಮಾದರಿಗೆ ಪ್ರತ್ಯೇಕ ಕೂಲಿ. ಅದೇ ಮಾದರಿಯಲ್ಲಿ ಹತ್ತು ಬಂದರೆ ಉಳಿದವುಗಳಿಗೆ ಇಳಿಸುತ್ತಾರೆ. ನಮಗಿದು ನ್ಯಾಯವೆನಿಸಿತು.

ಅವರ ಪೆಟ್ಟಿಗೆಯಲ್ಲಿ ಒಂದು ಚೀಟಿಪುಸ್ತಕವಿತ್ತು. ಬಂದ ತೂಕ, ಹೋದ ತೂಕ, ಶುದ್ಧತೆ, ಹರಳುಗಳ ಎಣಿಕೆ, ಮೊದಲೇ ಇದ್ದ ಬಿರುಕು, ಕೊಡುವ ದಿನ, ಕೂಲಿ ಎಲ್ಲವನ್ನೂ ಕೆಲಸಕ್ಕೆ ಮೊದಲೇ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಅಂಗಡಿಯು 10 ಗ್ರಾಂ ಅಪರಂಜಿ ಕೊಟ್ಟರೆ 22 ಕ್ಯಾರೆಟಿನಲ್ಲಿ ಅದು ಸುಮಾರು 10.9 ಗ್ರಾಂ ಆಗುತ್ತದೆ. ಇದನ್ನು ಬಾಯಿಮಾತಿಗೆ ಬಿಟ್ಟಾಗಲೇ ಹೆಚ್ಚಿನ ಜಗಳಗಳು ಹುಟ್ಟುವುದಂತೆ. ಅಕ್ಕಸಾಲಿಗನ ಮೇಲಿನ ಸಂಶಯ ಇಂದಿನದಲ್ಲ. ಅವನ ಕೇರಿಯ ಧೂಳನ್ನು ತೊಳೆದು ಚಿನ್ನದ ಕಣ ಹೆಕ್ಕುವವನಿಗೆ ಜಲಗಾರನೆಂಬ ಹೆಸರೇ ನಮ್ಮ ನುಡಿಯಲ್ಲಿದೆ. ಉದುರಿದುದು ಕದ್ದುದಲ್ಲವೆಂಬುದಕ್ಕೆ ಆ ಪದವೇ ಸಾಕ್ಷಿಯೆನ್ನಬಹುದೇನೋ. ನಮ್ಮ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನವರೂ ಮೊದಲು ಅಕ್ಕಸಾಲಿಗರೇ. ಆ ಕಸುಬನ್ನು ಬಿಟ್ಟು ಕಿನ್ನರಿ ನುಡಿಸಿ ಬಾಳಿದರು.

ಮೂಡುಬಿದಿರೆಯ ಲೆಕ್ಕವನ್ನು ನಮ್ಮ ಕರಡಿಗೆಗೆ ಅನ್ವಯಿಸಿ ನೋಡಿದೆವು. ನಲವತ್ತು ನಿಮಿಷಕ್ಕೆ 200 ರೂಪಾಯಿ. ಧಣಿಗಳು ಕೇಳಿದ ಮುನ್ನೂರೇ ಸರಿಯಾದ ಬೆಲೆಯಾಗಿತ್ತು. ಇನ್ನೂರು ಆಚಾರ್ಯರಿಗೆ ಹೋಗಿದ್ದರೂ ಅಂಗಡಿಗೆ ನೂರು ಉಳಿಯುತ್ತಿತ್ತು. ಅವರು ಕೊಡಲು ಒಪ್ಪಿದ್ದುದೇ ನೂರ ಮೂವತ್ತು, ನಾವು ಕಿತ್ತುಕೊಂಡುದು ಅದರಲ್ಲಿ ಐವತ್ತು.

ದೀಪಾವಳಿಗೆ ಮುನ್ನ ಮತ್ತೆ ಬಂಟ್ವಾಳಕ್ಕೆ ಹೋಗಿ ಆ ಐವತ್ತನ್ನು ಧಣಿಗಳ ಮುಂದಿಟ್ಟು, ಚೀಟಿಯ ವಿಷಯವನ್ನೂ ಹೇಳಿದೆವು. ಅವರು ನಕ್ಕರು; ಹಣವನ್ನು ಹಿಂದಿನ ಓಣಿಗೆ ಹುಡುಗನ ಕೈಯಲ್ಲಿ ಕಳುಹಿಸಿದರು. ಚೀಟಿ ಬರೆಯಲು ಒಪ್ಪಿದರು, ಗಂಟೆಯ ಲೆಕ್ಕಕ್ಕೆ ಒಪ್ಪಲಿಲ್ಲ. “ಗಿರಾಕಿಗಳು ಕೊಡಬೇಕಲ್ಲ ಸ್ವಾಮಿ?” ಎಂದರು. ನಮ್ಮೊಡನೆ ಬಂದಿದ್ದ ಅತ್ತಿಗೆಯವರು ಆಗಲೇ ಕಾಲುಂಗುರದ ರಿಪೇರಿಗೆ ಬೆಲೆ ವಿಚಾರಿಸುತ್ತಿದ್ದರು.