ಒಂದು ಇನ್ಸುಲಿನ್‌ಗೆ ಎಂಟು ಕೋಟಿ ಸಕ್ಕರೆ

"ರಾತ್ರಿ ಎರಡು ಚಪಾತಿ ಬಿಟ್ಟರೆ ಏನೂ ತಿಂದಿಲ್ಲ, ಆದರೂ ಬೆಳಗ್ಗೆ ಶುಗರ್ ಜಾಸ್ತಿ." ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರ ನಡುವೆ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ! ತಿನ್ನದ ಸಕ್ಕರೆ ಬಂದದ್ದು ಲಿವರ್‌ನಿಂದ. 60 ಕೆ.ಜಿ. ತೂಕದವರ ಲಿವರ್ ನಿದ್ದೆಯ ಹೊತ್ತಿನಲ್ಲಿ ಗಂಟೆಗೆ ಸುಮಾರು 7 ಗ್ರಾಂ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ; ಎಂಟು ಗಂಟೆಗೆ 50 ಗ್ರಾಂ ದಾಟುತ್ತದೆ. ಇಡೀ ಮೈಯ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವುದು ಮಾತ್ರ ನಾಲ್ಕೈದು ಗ್ರಾಂ. ಲಿವರ್‌ಗೆ ಸಾಕು ಎಂದು ಹೇಳುವುದು ಇನ್ಸುಲಿನ್.

ಆ ಇನ್ಸುಲಿನ್ ಇರುವುದಾದರೂ ಎಷ್ಟು? ಆರೋಗ್ಯವಂತರ ಖಾಲಿ ಹೊಟ್ಟೆಯ ರಕ್ತದಲ್ಲಿ ಒಂದು ಇನ್ಸುಲಿನ್ ಅಣುವಿಗೆ ಸುಮಾರು 8 ಕೋಟಿ ಗ್ಲೂಕೋಸ್ ಅಣುಗಳು. ಜೊತೆಗೆ ಹರಿಯುವ ಬಿಡಿ ಕೊಬ್ಬಿನಾಮ್ಲಗಳ ಅಣುಗಳು ಸುಮಾರು 80 ಲಕ್ಷ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಆಸುಪಾಸು. ಒಂಬತ್ತು ಮೈಸೂರುಗಳ ಜನಜಂಗುಳಿಯ ನಡುವೆ ಒಬ್ಬನೇ ಒಬ್ಬ ಓಲೆಕಾರ!

ಓಲೆ ತಲುಪಬೇಕಾದ ಲಿವರ್ ಜೀವಕೋಶಗಳು ಸುಮಾರು 20,000 ಕೋಟಿ. ಪ್ರತಿಯೊಂದರ ಮೈಮೇಲೂ ಇನ್ಸುಲಿನ್ ಬಂದು ಕೂರುವ ಗ್ರಾಹಕಗಳು ಲಕ್ಷದ ಲೆಕ್ಕದಲ್ಲಿವೆ. ಕೊಬ್ಬಿನಾಮ್ಲ ಕೆಡುಕು ಮಾಡುವುದು ಇಲ್ಲೇ. ಉರಿಸಿ ಮುಗಿಸಲಾಗದಷ್ಟು, ಹನಿಯಾಗಿ ಕಟ್ಟಿಡಲಾಗದಷ್ಟು ಕೊಬ್ಬಿನಾಮ್ಲ ಒಳಬಂದರೆ ಅರ್ಧ ಕಟ್ಟಿದ ಕೊಬ್ಬು, ಅಂದರೆ ಡೈಅಸೈಲ್‌ಗ್ಲಿಸರಾಲ್, ಕೋಶದ ಪೊರೆಯಲ್ಲಿ ಸೇರಿಕೊಳ್ಳುತ್ತದೆ. ಅದು ಪ್ರೋಟೀನ್ ಕೈನೇಸ್ ಸಿ ಎಪ್ಸಿಲಾನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಗ್ರಾಹಕದ 1,300ಕ್ಕೂ ಹೆಚ್ಚು ಅಮೈನೋ ಆಮ್ಲಗಳಲ್ಲಿ 1160ನೆಯದಕ್ಕೆ ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಅಷ್ಟಕ್ಕೇ ಗ್ರಾಹಕ ಮಂಕಾಗುತ್ತದೆ. ಇನ್ಸುಲಿನ್ ಬಂದು ಕೂತರೂ ಸಂದೇಶ ಒಳಕ್ಕೆ ಸರಿಯಾಗಿ ಹೋಗದು, ಲಿವರ್ ಸಕ್ಕರೆ ಸುರಿಯುವುದನ್ನು ನಿಲ್ಲಿಸದು. ಇಲಿಗಳಲ್ಲಿ ಇದಕ್ಕೆ ಸಮನಾದ ಆ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಪ್ರಯೋಗದ ವರದಿ 2016ರಲ್ಲಿ ಬಂತು: ಕೊಬ್ಬು ತುಂಬಿದ ಆಹಾರ ತಿಂದರೂ ಅವುಗಳ ಲಿವರ್ ಇನ್ಸುಲಿನ್ ಮಾತು ಕೇಳುತ್ತಲೇ ಇತ್ತು.

ಹಾಗಾದರೆ ತಪ್ಪೆಲ್ಲ ಮೈಸೂರು ಪಾಕಿನ ತುಪ್ಪದ್ದೇ? ಫ್ಯಾಟಿ ಲಿವರ್ ಇದ್ದ ಸ್ಥೂಲಕಾಯರಲ್ಲಿ ಕೊಬ್ಬಿನ ಜಾಡು ಹಿಡಿದ 2005ರ ಅಮೆರಿಕದ ಅಧ್ಯಯನದ ಪ್ರಕಾರ, ಲಿವರ್‌ನ ಕೊಬ್ಬಿನಲ್ಲಿ ಊಟದಿಂದ ನೇರ ಬಂದದ್ದು ಶೇ. 15 ಮಾತ್ರ. ಶೇ. 26ನ್ನು ಲಿವರ್ ತಾನೇ, ಬಹುಪಾಲು ಪಿಷ್ಟ-ಸಕ್ಕರೆಯಿಂದ, ತಯಾರಿಸಿತ್ತು. ಶೇ. 59 ಬಂದದ್ದು ರಕ್ತದ ಬಿಡಿ ಕೊಬ್ಬಿನಾಮ್ಲಗಳಿಂದ, ಅಂದರೆ ಹೆಚ್ಚಾಗಿ ಮೈಯ ಕೊಬ್ಬಿನ ದಾಸ್ತಾನಿನಿಂದ. ಅನ್ನದ ತಟ್ಟೆಗೂ ಹೊಟ್ಟೆಯ ಸುತ್ತಳತೆಗೂ ಇದರಲ್ಲಿ ಪಾಲಿದೆ.

ಆ ದಾಸ್ತಾನಿನ ಕಥೆ ಎಷ್ಟು ಹಿಂದೆ ಶುರುವಾಗುತ್ತದೆ ಎಂಬುದಕ್ಕೆ ಸುಳಿವು ಕೊಟ್ಟದ್ದು ನಮ್ಮ ಮೈಸೂರೇ. ಮಿಷನ್ ಆಸ್ಪತ್ರೆ ಎಂದೇ ಊರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳು ಜೋಪಾನವಾಗಿದ್ದವು. ಮಗುವಿನ ತೂಕ, ಉದ್ದ, ತಾಯಿಯ ತೂಕ ಬರೆದಿಟ್ಟ ಆ ದಾದಿಯರಿಗೆ ನಾವು ಋಣಿಗಳು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 506 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ ನೂರಕ್ಕೆ 15 ಜನರಿಗೆ ಮಧುಮೇಹವಿತ್ತು. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ ಅದು ಹೆಚ್ಚು. ಈ ವರದಿ ಪ್ರಕಟವಾದದ್ದು 1998ರಲ್ಲಿ.

ಕೊನೆಯ ಲೆಕ್ಕವೇ ನನಗೆ ಎಲ್ಲಕ್ಕಿಂತ ಪ್ರಿಯ. 2005ರ ಇನ್ನೊಂದು ಅಧ್ಯಯನದಲ್ಲಿ ಮಧುಮೇಹವಿದ್ದ ಸ್ಥೂಲಕಾಯರು ಸುಮಾರು 8 ಕೆ.ಜಿ. ಇಳಿದಾಗ ಲಿವರ್‌ನ ಕೊಬ್ಬು ಶೇ. 12ರಿಂದ 2.2ಕ್ಕೆ ಇಳಿಯಿತು, ಬೆಳಗಿನ ಶುಗರ್ ಸಹಜ ಮಟ್ಟಕ್ಕೆ ಬಂತು. ಒಂದೂವರೆ ಕೆ.ಜಿ.ಯ ಲಿವರ್‌ನಲ್ಲಿ ಅದು ಹೆಚ್ಚುಕಡಿಮೆ 150 ಗ್ರಾಂ ಕೊಬ್ಬು.