ಸಮಾಧಿಗೆ ಮುನ್ನ ಒಂದು ದಾನ
(ನವೆಂಬರ್ 2, ಸಕಲ ಮೃತರ ಸ್ಮರಣೆಯ ಪ್ರಬೋಧನೆ)



ಇಂದು ನಾವು ಸಮಾಧಿಗಳ ಮೇಲೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ದೇಹವನ್ನು ಮಣ್ಣಿಗೊಪ್ಪಿಸುವ ಮುನ್ನ ಇನ್ನೊಬ್ಬರ ಬಾಳಿಗೂ ಬೆಳಕು ಕೊಡಬಹುದು. ಅದೇ ನೇತ್ರದಾನ.

ಕಸಿ ಮಾಡುವುದು ಇಡೀ ಕಣ್ಣನ್ನಲ್ಲ. ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ತಿಳಿಯಾಗಿರುವ ಕಾರ್ನಿಯಾ ಎಂಬ ಪೊರೆಯನ್ನು ಮಾತ್ರ. ಅದರ ಒಳಬದಿಯಲ್ಲಿ ಒಂದೇ ಪದರದ ಜೀವಕೋಶಗಳಿವೆ. ಪೊರೆಯೊಳಗೆ ಸೇರುವ ನೀರನ್ನು ಅವು ಸದಾ ಹೊರಹಾಕುತ್ತಿರುವುದರಿಂದಲೇ ಅದು ಮಂಜಾಗದೆ ಉಳಿಯುತ್ತದೆ. ಈ ಕೋಶಗಳು ಸತ್ತರೆ ಆ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ. ಆದುದರಿಂದ ಮರಣವಾದ 6 ಗಂಟೆಯೊಳಗೆ ಕಾರ್ನಿಯಾವನ್ನು ತೆಗೆಯಬೇಕು.

ನೇತ್ರಬ್ಯಾಂಕಿನಲ್ಲಿ ಅದನ್ನು ಪೋಷಕ ದ್ರವದಲ್ಲಿ ಮುಳುಗಿಸಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿದರೆ ಕೋಶಗಳು ನಾಶವಾಗುತ್ತವೆ. ಪೊರೆ ಊದದಂತೆ ತಡೆಯುವ ಡೆಕ್ಸ್‌ಟ್ರಾನ್, ಸೋಂಕು ತಡೆಯುವ ಔಷಧ ಆ ದ್ರವದಲ್ಲಿರುತ್ತವೆ. ಮೆಕ್‌ಕ್ಯಾರಿ ಮತ್ತು ಕೌಫ್‌ಮನ್ 1974ರಲ್ಲಿ ರೂಪಿಸಿದ ಎಂ.ಕೆ. ದ್ರವದಲ್ಲಿ 4 ದಿನ, ಆಪ್ಟಿಸಾಲ್‌ನಂಥ ದ್ರವದಲ್ಲಿ 14 ದಿನದವರೆಗೆ ಇಡಬಹುದು. ದಾನಿಯ ರಕ್ತಪರೀಕ್ಷೆ ಮಾಡಿ, ಕೋಶಗಳನ್ನು ಎಣಿಸಿ, ತಕ್ಕ ರೋಗಿಯನ್ನು ಕರೆಸಲು ಈ ದಿನಗಳು ಬೇಕು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದನ್ನು ನಾವೆಲ್ಲ ಬಲ್ಲೆವು.

"ಕಣ್ಣು ಕೊಟ್ಟರೆ ಪುನರುತ್ಥಾನದ ದಿನ ಪ್ರಭುವನ್ನು ಕಾಣುವುದು ಹೇಗೆ?" ಎಂದು ಹಿರಿಯರು ಕೇಳುವುದುಂಟು. ಮಣ್ಣಾದ ದೇಹವನ್ನೇ ಎಬ್ಬಿಸುವ ದೇವರಿಗೆ ಒಂದು ಪೊರೆಯ ಕೊರತೆ ಅಡ್ಡಿಯಾದೀತೇ? 1956ರ ಫೆಬ್ರವರಿ 28ರಂದು ಮಿಲಾನಿನಲ್ಲಿ ತೀರಿಕೊಂಡ ಗುರು ಕಾರ್ಲೊ ನ್ಯೊಕ್ಕಿ ತಮ್ಮ ಕಾರ್ನಿಯಾಗಳನ್ನು ಇಬ್ಬರು ಅಂಧ ಯುವಜನರಿಗೆ ಬಿಟ್ಟುಹೋದರು. ಅದೇ ವರ್ಷ ಮೇ 14ರಂದು ಜಗದ್ಗುರು 12ನೇ ಪಿಯುಸ್‌ರವರು ಇಟಲಿಯ ಕಾರ್ನಿಯಾ ದಾನಿಗಳ ಸಂಘದೊಡನೆ ಮಾತನಾಡುತ್ತಾ, ಇಂಥ ದಾನವು ಮೃತರಿಗೆ ಸಲ್ಲಬೇಕಾದ ಗೌರವಕ್ಕೆ ವಿರುದ್ಧವಲ್ಲವೆಂದು ತಿಳಿಸಿದರು. 2009ರಲ್ಲಿ ಧರ್ಮಸಭೆಯು ನ್ಯೊಕ್ಕಿಯವರನ್ನು ಪುನೀತ ಪದವಿಗೇರಿಸಿತು.

ದಾನಪತ್ರಕ್ಕೆ ಸಹಿ ಹಾಕಿದ್ದರೆ ಸಾಲದು, ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕು. ಉಸಿರು ನಿಂತೊಡನೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಿ. ಗುರುಗಳಿಗೆ ಫೋನ್ ಮಾಡುವಾಗಲೇ ನೇತ್ರಬ್ಯಾಂಕಿಗೂ ಮಾಡಿ. ಮುಖ ವಿಕಾರವಾಗುವುದಿಲ್ಲ, ಅಂತಿಮ ಬಲಿಪೂಜೆ ತಡವಾಗುವುದಿಲ್ಲ. ಇಂದು ಸಂಜೆ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಈ ಮಾತನ್ನಾಡಿ. ಸಾವಿನ ಮನೆಯ ಅಳುವಿನ ನಡುವೆ ಅದನ್ನು ಮೊದಲ ಬಾರಿಗೆ ಎತ್ತುವುದು ಕಷ್ಟ.

ಅಗಲಿದವರೆಲ್ಲರಿಗೂ ದೇವರು ಚಿರಶಾಂತಿಯನ್ನು ದಯಪಾಲಿಸಲಿ.