‘ಮಾಡಿಸ್ಕೊತೀನಿ’ ಅಂದವರು ಯಾಕೆ ಬರಲಿಲ್ಲ? ಸುನ್ನತಿ, ಎಚ್‌ಐವಿ ಮತ್ತು ಒಂದು ಲೆಕ್ಕ

ಇವತ್ತಿನ ಎಪಿಸೋಡ್ ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ವಿಷಯ, ವಯಸ್ಕ ಗಂಡಸರ ಸುನ್ನತಿ. ಅಂದ್ರೆ ಶಿಶ್ನದ ಮುಂದೊಗಲನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ. ನಮ್ಮಲ್ಲಿ ಈ ಪದ ಕೇಳಿದ ಕೂಡಲೇ ಧರ್ಮ ನೆನಪಾಗುತ್ತೆ. ಆದರೆ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗದ ಹಲವು ದೇಶಗಳಲ್ಲಿ ಇದು ಎಚ್‌ಐವಿ ತಡೆಯೋ ಸರ್ಕಾರಿ ಕಾರ್ಯಕ್ರಮ.

ಮೊದಲು ವಿಜ್ಞಾನ. ಮುಂದೊಗಲಿನ ಒಳಭಾಗ ತೆಳು, ವೈರಸ್ ಸುಲಭವಾಗಿ ಹಿಡಿಯೋ ಕೋಶಗಳು ಅಲ್ಲಿ ಜಾಸ್ತಿ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೀನ್ಯಾದ ಕಿಸುಮು, ಉಗಾಂಡಾದ ರಾಕಾಯಿ, ಈ ಮೂರು ಕಡೆ ದೊಡ್ಡ ಪ್ರಯೋಗ ನಡೆದವು. ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಸಾಧ್ಯತೆ ಸುಮಾರು 60% ಕಡಿಮೆ ಆಗಿತ್ತು. ಲಾಭ ಎಷ್ಟು ಸ್ಪಷ್ಟ ಇತ್ತು ಅಂದ್ರೆ, ಮೂರನ್ನೂ ಅವಧಿಗೆ ಮುಂಚೆಯೇ ನಿಲ್ಲಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಎಲ್ಲ ದೇಶಕ್ಕೂ ಅಲ್ಲ. ಎಚ್‌ಐವಿ ತೀರಾ ಹೆಚ್ಚಿರುವ, ಸುನ್ನತಿ ಕಡಿಮೆ ಇರುವ ದೇಶಗಳಿಗೆ. ಆ ಪಟ್ಟಿಯಲ್ಲಿ ಭಾರತ ಇಲ್ಲ.

ಸರಿ, ಜನ ಏನಂದ್ರು? ಕಾರ್ಯಕ್ರಮ ಶುರುವಾಗೋ ಮೊದಲು ಒಂಬತ್ತು ದೇಶಗಳ 13 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮಾಡಿಸ್ಕೊಳ್ಳದ ಗಂಡಸರಲ್ಲಿ ಸರಿಸುಮಾರು 65% ‘ಮಾಡಿಸ್ಕೊತೀವಿ’ ಅಂದಿದ್ದರು. ಬಾಯಲ್ಲಿ ಹೌದು ಅನ್ನೋದು ಬೇರೆ, ಕ್ಲಿನಿಕ್ ಮೆಟ್ಟಿಲು ಹತ್ತೋದು ಬೇರೆ. ಬಂದವರಲ್ಲಿ ಬಹಳಷ್ಟು ಜನ ಹದಿಹರೆಯದ ಹುಡುಗರು. ಮದುವೆಯಾಗಿ ದುಡಿಯೋ ಗಂಡಸರು ಹಿಂದೆಯೇ ಉಳಿದರು.

ಕೀನ್ಯಾದ ಲುವೋ ಸಮುದಾಯ ನೋಡಿ. ಅವರಲ್ಲಿ ಸುನ್ನತಿಯ ಪದ್ಧತಿ ಇರಲಿಲ್ಲ. ಸುನ್ನತಿ ಆಗದವನು ಇನ್ನೂ ಹುಡುಗ, ಅವನು ನಾಯಕ ಹೇಗಾಗ್ತಾನೆ ಅಂತ ರಾಜಕೀಯದಲ್ಲೇ ಅವರನ್ನ ಹಂಗಿಸ್ತಿದ್ದರು. 2007ರ ಚುನಾವಣೆ ನಂತರದ ಹಿಂಸೆಯಲ್ಲಿ ಲುವೋ ಗಂಡಸರಿಗೆ ಬಲವಂತವಾಗಿ ಸುನ್ನತಿ ಮಾಡಿದ್ದೂ ಉಂಟು. ಮರುವರ್ಷವೇ ಸರ್ಕಾರ ಬಂದು ‘ಇದು ಆರೋಗ್ಯಕ್ಕೆ ಒಳ್ಳೇದು’ ಅಂದ್ರೆ ಹೇಗನಿಸಬೇಡ? ಹಿರಿಯರಲ್ಲಿ ಕೆಲವರು ವಿರೋಧಿಸಿದರು. ಆಗಿನ ಪ್ರಧಾನಿ, ಸ್ವತಃ ಲುವೋ ಆಗಿದ್ದ ರೈಲಾ ಒಡಿಂಗಾ ಬಹಿರಂಗವಾಗಿ ಬೆಂಬಲಿಸಿದರು. ‘ಇದು ಸಂಸ್ಕೃತಿ ಬದಲಾವಣೆ ಅಲ್ಲ, ವೈದ್ಯಕೀಯ ಆಯ್ಕೆ’ ಅನ್ನೋ ಮಾತು ನಿಧಾನಕ್ಕೆ ನಿಂತಿತು.

ಇನ್ನೊಂದು ಕಾರಣ ನನ್ನಂಥ ಬಿ.ಕಾಂ. ಮಂದಿಗೆ ಬೇಗ ಅರ್ಥ ಆಗುತ್ತೆ. ಚಿಕಿತ್ಸೆ ಉಚಿತ, ಆದರೆ ದಿನಗೂಲಿ ಹೋಗುತ್ತಲ್ಲ? ನೋವಿನ ಭಯದ ಜೊತೆ, ಕೆಲವು ದಿನ ಸಂಪಾದನೆ ಇಲ್ಲ, ಆರು ವಾರ ಲೈಂಗಿಕ ಸಂಪರ್ಕ ಇಲ್ಲ. ಕೀನ್ಯಾದಲ್ಲೇ ಇದನ್ನ ಪರೀಕ್ಷಿಸಿದರು, 2014ರಲ್ಲಿ ಫಲಿತಾಂಶ ಬಂತು. 25ರಿಂದ 49 ವರ್ಷದವರಿಗೆ, ಮಾಡಿಸ್ಕೊಂಡರೆ ಆಹಾರದ ವೋಚರ್. ಅದಿಲ್ಲದ ಗುಂಪಲ್ಲಿ ಎರಡು ತಿಂಗಳಲ್ಲಿ ಬಂದವರು 1.6%. ಎರಡೂವರೆ ಡಾಲರ್ ವೋಚರ್‌ಗೆ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. 15 ಡಾಲರ್‌ಗೆ 9%. ಏರಿಕೆ ನಿಜ, ಆದರೂ ನೂರಕ್ಕೆ 91 ಜನ ಬರಲಿಲ್ಲ. ದುಡ್ಡೊಂದೇ ಅಡ್ಡಿ ಅಲ್ಲ ಅಂತಾಯ್ತು.

ಈಗ ಹೆಂಗಸರ ವಿಷಯ. 60% ಅಂದ್ರೆ 100% ಅಲ್ಲ, ಅದೂ ಗಂಡಸಿಗೆ ಮಾತ್ರ. ಸೋಂಕಿರುವ ಗಂಡಸು ಸುನ್ನತಿ ಮಾಡಿಸ್ಕೊಂಡರೆ ಹೆಂಡತಿಗೆ ರಕ್ಷಣೆ ಸಿಗುತ್ತಾ ಅಂತ ಉಗಾಂಡಾದಲ್ಲಿ ನೋಡಿದರು, ಸಿಗಲಿಲ್ಲ. ಗಾಯ ಮಾಯೋ ಮೊದಲು ಸೇರಿದರೆ ಅಪಾಯ ಇನ್ನೂ ಜಾಸ್ತಿ ಆಗಬಹುದು. ಹಾಗಾಗಿ ‘ನನಗೆ ಆಗಿದೆ, ಕಾಂಡೋಮ್ ಬೇಡ’ ಅಂತ ಯಾರಾದರೂ ಅಂದ್ರೆ ಒಪ್ಪಬೇಡಿ. ಆ ಲೆಕ್ಕದಲ್ಲಿ ನಷ್ಟ ಆಗೋದು ಅವಳಿಗೆ.

2019ರ ಕೊನೆಗೆ 15 ದೇಶಗಳಲ್ಲಿ ಸುಮಾರು 2.7 ಕೋಟಿ ಗಂಡಸರು, ಹುಡುಗರು ಮಾಡಿಸ್ಕೊಂಡಿದ್ದರು. ಸಂಖ್ಯೆ ದೊಡ್ಡದು. ಆದರೆ ದೇಹ ಅವರದು, ಮರ್ಯಾದೆ ಅವರದು, ಕೂಲಿನೂ ಅವರದೇ. ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಹೇಳೋ ಆರೋಗ್ಯದ ಮಾತನ್ನೇ ಜನ ನಂಬೋದು.

ಈ ಬಗ್ಗೆ ಪ್ರಶ್ನೆ ಇದ್ದರೆ ಡಾಕ್ಟರನ್ನ ಕೇಳಿ, ನಾಚಿಕೆ ಬೇಡ. ಮುಂದಿನ ವಾರ ಸಿಗೋಣ.